ಕ್ಯಾಮರಾ ಮುಂದೆ ಪರೀಕ್ಷೆ: ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ, ಅದನ್ನು ದೂರದಿಂದ ಕಾಯುವ ಸಾಫ್ಟ್‌ವೇರ್. ಹಾಗಾಗಿ ಪ್ರಿಂಟರ್ ರಿಪೇರಿ, ಹಳೇ ಫೋನ್ ಮಾರಾಟದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಬರೆದವರ ಹೆಸರು, ಕಾಲೇಜಿನ ಹೆಸರು ಯಾವುದನ್ನೂ ಹಾಕಿಲ್ಲ. ಖಾಸಗಿತನ ಹೋಯ್ತು ಅಂತ ಬರೆದವರ ಹೆಸರನ್ನೇ ಅಚ್ಚು ಹಾಕಿದರೆ ಚೆನ್ನಾಗಿರುವುದಿಲ್ಲ ಅಲ್ವಾ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಮನೆ ಬದಿಯಡ್ಕದಿಂದ ಒಳಗೆ. ಹೊರಗಿನ ಒಂದು ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಡಿಪ್ಲೊಮಾ ಮಾಡುತ್ತಿದ್ದೇನೆ. ಪರೀಕ್ಷೆ ಬಂದದ್ದು ಜುಲೈಯಲ್ಲಿ, ಜೋರು ಮಳೆ, ನಮ್ಮದು ಶೀಟಿನ ಮಾಡು. ನಡುವೆ ಅಜ್ಜಿ ಚಾವಡಿಯಿಂದ ತುಳುವಿನಲ್ಲಿ ಏನೋ ಕೂಗಿ ಕೇಳಿದರು, ನಾನು ಉತ್ತರ ಕೊಡಲಿಲ್ಲ, ಆದರೆ ತಿರುಗಿ ನೋಡಿದೆ. ಎರಡು ಸಲ ರೇಂಜ್ ಹೋಯಿತು. ಈಗ ನನ್ನ ಫಲಿತಾಂಶ ತಡೆ ಹಿಡಿದಿದ್ದಾರೆ. ಕಾರಣ ಕೇಳಿದರೆ ‘ಬೇರೆಯವರ ಧ್ವನಿ, ಪದೇ ಪದೇ ಬೇರೆ ಕಡೆ ನೋಟ’ ಅಂತ ಒಂದು ಸಾಲಿನ ಮೇಲ್. ನಾನು ಕಾಪಿ ಹೊಡೆದಿಲ್ಲ. ಆ ಸಾಫ್ಟ್‌ವೇರ್ ಏನೆಲ್ಲ ನೋಡುತ್ತದೆ? ನಾನೀಗ ಏನು ಮಾಡಬೇಕು?

ಉತ್ತರ: ಮೊದಲು ಗಾಬರಿ ಬಿಡಿ. ಫಲಿತಾಂಶ ತಡೆದಿದ್ದಾರೆ ಅಷ್ಟೆ, ನೀವು ತಪ್ಪು ಮಾಡಿದ್ದೀರಿ ಅಂತ ಯಾರೂ ತೀರ್ಮಾನ ಕೊಟ್ಟಿಲ್ಲ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಫ್ಟ್‌ವೇರ್ ಏನು ನೋಡುತ್ತದೆ ಅಂದರೆ, ಹೆಚ್ಚುಕಡಿಮೆ ಎಲ್ಲವನ್ನೂ. ಕ್ಯಾಮರಾದಿಂದ ನಿಮ್ಮ ಮುಖ, ಅದು ಯಾವ ಕಡೆ ತಿರುಗಿದೆ, ಚೌಕಟ್ಟಿನಲ್ಲಿ ಒಂದೇ ಮುಖ ಇದೆಯಾ ಎರಡಾ. ಮೈಕಿನಿಂದ ಕೋಣೆಯ ಸದ್ದು. ಪರದೆಯ ಮೇಲೆ ಏನು ತೆರೆದಿದ್ದೀರಿ, ಬೇರೆ ಕಿಟಕಿಗೆ ಹೋದಿರಾ, ಎಲ್ಲಿಂದಲಾದರೂ ಕಾಪಿ ಮಾಡಿ ತಂದು ಪೇಸ್ಟ್ ಮಾಡಿದಿರಾ, ಎರಡನೇ ಮಾನಿಟರ್ ಇದೆಯಾ. ಕೆಲವು ಸಾಫ್ಟ್‌ವೇರ್‌ಗಳು ನೀವು ಟೈಪ್ ಮಾಡುವ ವೇಗವನ್ನೂ ಅಳೆದಿಟ್ಟುಕೊಳ್ಳುತ್ತವೆ. ಇಂಟರ್‌ನೆಟ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಐಪಿ ವಿಳಾಸ (ಇಂಟರ್‌ನೆಟ್ಟಿನಲ್ಲಿ ನಿಮ್ಮ ಸಂಪರ್ಕಕ್ಕೆ ಸಿಗುವ ನಂಬರು) ಬದಲಾಯಿತಾ ಅನ್ನುವುದು ಕೂಡ ದಾಖಲಾಗುತ್ತದೆ. ಗಡಿಯ ಹತ್ತಿರ ಇರುವ ಕಾಸರಗೋಡಿನ ನಮಗೆ ಇದೊಂದು ತಲೆನೋವು. ಫೋನಿನ ಇಂಟರ್‌ನೆಟ್ ಹಿಡಿದು ಕೂತರೆ ಒಮ್ಮೆ ಕೇರಳದ ಟವರ್, ಇನ್ನೊಮ್ಮೆ ಕರ್ನಾಟಕದ್ದು. ನೀವು ಕೂತದ್ದು ಪೆರ್ಲದಲ್ಲಾದರೂ ಐಪಿ ವಿಳಾಸ ತೋರಿಸುವುದು ಬೆಂಗಳೂರನ್ನೋ ಚೆನ್ನೈಯನ್ನೋ.

ಇಷ್ಟೆಲ್ಲ ಸೇರಿಸಿಕೊಂಡು ಅದು ಮಾಡುವ ಕೆಲಸ ಒಂದೇ, ತನಗೆ ‘ಮಾಮೂಲು’ ಅಂತ ಹೇಳಿಕೊಟ್ಟದ್ದಕ್ಕಿಂತ ಬೇರೆ ಏನಾದರೂ ಕಂಡರೆ ಅಲ್ಲೊಂದು ಗುರುತು ಹಾಕುವುದು. ಹುಡುಗರ ಭಾಷೆಯಲ್ಲಿ ‘ಫ್ಲ್ಯಾಗ್’ ಆಗುವುದು. ಅದಕ್ಕೆ ಅಜ್ಜಿ ಗೊತ್ತಿಲ್ಲ, ತುಳು ಗೊತ್ತಿಲ್ಲ, ಅವರು ಕೇಳಿದ್ದು ‘ಊಟ ಆಯ್ತಾ’ ಅಂತಲೋ ನಾಲ್ಕನೇ ಪ್ರಶ್ನೆಯ ಉತ್ತರವೋ ಅಂತಲೂ ಗೊತ್ತಿಲ್ಲ. ಧ್ವನಿ ಬಂತು, ಗುರುತು ಬಿತ್ತು. ಬೆಳಕು ಕಡಿಮೆಯಾದರೆ ‘ಮುಖ ಕಾಣುತ್ತಿಲ್ಲ’. ಹಿಂದಿನ ಗೋಡೆಯಲ್ಲಿ ದೇವರ ಚಿತ್ರದ ಕ್ಯಾಲೆಂಡರ್ ಇದ್ದರೆ ‘ಎರಡನೇ ಮುಖ’ ಆಗುವ ಸಂಭವವೂ ಉಂಟು. ಯೋಚನೆ ಮಾಡುವಾಗ ಮಾಡಿನ ಕಡೆ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ ಹೇಳಿ, ಅದೂ ಅದಕ್ಕೆ ಅನುಮಾನವೇ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಜಿಲ್ಲೆಯಲ್ಲಿ, ಶೀಟಿನ ಮಾಡಿನ ಕೆಳಗೆ, ಜುಲೈ ತಿಂಗಳಲ್ಲಿ ‘ಕೋಣೆ ನಿಶ್ಶಬ್ದವಾಗಿರಬೇಕು’ ಅಂತ ನಿಯಮ ಬರೆದವರು ಒಮ್ಮೆ ಇಲ್ಲಿಗೆ ಬಂದು ಕೂತು ನೋಡಬೇಕು.

ನಾಯಿ ಬೊಗಳಿದ ಮಾತ್ರಕ್ಕೆ ಕಳ್ಳ ಬಂದ ಅಂತ ಅಲ್ಲ. ಎದ್ದು ಹೋಗಿ ಟಾರ್ಚ್ ಹಾಕಿ ನೋಡಬೇಕಾದವರು ಮನೆಯವರು. ಇಲ್ಲಿ ಆ ಮನೆಯವರು ಅಂದರೆ ನಿಮ್ಮ ವಿಶ್ವವಿದ್ಯಾಲಯ. ಸಾಫ್ಟ್‌ವೇರ್ ಮಾರುವ ಕಂಪನಿಗಳೇ ಹೇಳುವುದು ಇದನ್ನು, ನಾವು ಗುರುತು ಮಾತ್ರ ಹಾಕುತ್ತೇವೆ, ತೀರ್ಮಾನ ಸಂಸ್ಥೆಯದ್ದು ಅಂತ. ಆದರೆ ಸಂಸ್ಥೆಯವರು ಎಷ್ಟೋ ಕಡೆ ವಿಡಿಯೋ ನೋಡುವ ಗೋಜಿಗೇ ಹೋಗುವುದಿಲ್ಲ, ಬಂದ ಪಟ್ಟಿಯನ್ನೇ ತೀರ್ಪು ಅಂತ ಮಾಡಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

ಈ ಗುರುತುಗಳನ್ನು ಎಷ್ಟು ನಂಬಬಹುದು ಅನ್ನುವುದಕ್ಕೆ ಎರಡು ಮೂರು ಸಂಗತಿ ಹೇಳುತ್ತೇನೆ, ನಿಮ್ಮ ಅರ್ಜಿಯಲ್ಲಿ ಬೇಕಾದರೆ ಬಳಸಿಕೊಳ್ಳಿ. ನೆದರ್ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ಪ್ರಾಕ್ಟೋರಿಯೋ ಅನ್ನುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ 2021ರಲ್ಲಿ ಅದರ ವರದಿ ಪ್ರಕಟಿಸಿದರು. 30 ವಿದ್ಯಾರ್ಥಿಗಳು, ಅವರಲ್ಲಿ 6 ಮಂದಿಗೆ ‘ನೀವು ಬೇಕೆಂದೇ ಕಾಪಿ ಹೊಡೆಯಿರಿ’ ಅಂತ ಮೊದಲೇ ಹೇಳಿಟ್ಟಿದ್ದರು. ಆ ಆರರಲ್ಲಿ ಒಬ್ಬರನ್ನೂ ಸಾಫ್ಟ್‌ವೇರ್ ಹಿಡಿಯಲಿಲ್ಲ. ಇನ್ನೊಂದು ಕಡೆ, 2020ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗುವವರ ಪರೀಕ್ಷೆ ಆನ್‌ಲೈನ್ ನಡೆದಾಗ ಬರೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಗುರುತು ಬಿದ್ದಿತ್ತು. ಆಮೇಲೆ ಮನುಷ್ಯರು ಕೂತು ನೋಡಿದಾಗ ಬಹುಪಾಲು ಜನರದ್ದು ಏನೂ ತಪ್ಪಿಲ್ಲ ಅಂತಾಯಿತು. ಅಂದರೆ ಕಳ್ಳ ತಪ್ಪಿಸಿಕೊಂಡದ್ದೂ ಉಂಟು, ಸುಮ್ನೆ ಕೂತವನು ಸಿಕ್ಕಿಬಿದ್ದದ್ದೂ ಉಂಟು.

ಡಾರ್ಟ್‌ಮತ್ ಕಾಲೇಜಿನ ಮೆಡಿಕಲ್ ಸ್ಕೂಲಿನದ್ದು ಇನ್ನೂ ಪಾಠದಂಥ ಕಥೆ. 2021ರಲ್ಲಿ ಅಲ್ಲಿ 17 ವಿದ್ಯಾರ್ಥಿಗಳ ಮೇಲೆ ಕಾಪಿ ಆರೋಪ ಬಂತು. ಆಧಾರ ಏನೆಂದರೆ, ಪರೀಕ್ಷೆಯ ಹೊತ್ತಿಗೆ ಇವರ ಖಾತೆಯಿಂದ ಪಾಠದ ಪುಟಗಳು ತೆರೆದಿವೆ ಅನ್ನುವ ಕಂಪ್ಯೂಟರ್ ದಾಖಲೆ. ಕೊನೆಗೆ ನೋಡಿದರೆ ಯಾರೂ ಮುಟ್ಟದೆ ಬಿಟ್ಟಿದ್ದ ಫೋನು, ಟ್ಯಾಬುಗಳು ತಮ್ಮಷ್ಟಕ್ಕೆ ಆ ಪುಟಗಳನ್ನು ರಿಫ್ರೆಶ್ ಮಾಡಿಕೊಳ್ಳುವ ಸಾಧ್ಯತೆ ಇತ್ತು. ಆರೋಪಗಳನ್ನು ಕೈಬಿಟ್ಟರು, ಕ್ಷಮೆಯನ್ನೂ ಕೇಳಿದರು.

ಈಗ ನಿಮ್ಮ ಕೆಲಸ. ಫೋನ್ ಮಾಡಿ ಕೇಳುವುದು ನಿಲ್ಲಿಸಿ, ಎಲ್ಲವೂ ಬರವಣಿಗೆಯಲ್ಲಿ ಇರಲಿ. ಪರೀಕ್ಷಾ ವಿಭಾಗಕ್ಕೆ ಮೇಲ್ ಹಾಕಿ ಕೇಳಬೇಕಾದ್ದು ಇಷ್ಟು: ಯಾವ ಯಾವ ನಿಮಿಷದಲ್ಲಿ ಏನು ಗುರುತು ಬಿದ್ದಿದೆ, ಆ ವಿಡಿಯೋ ತುಣುಕನ್ನು ಒಬ್ಬ ಅಧ್ಯಾಪಕರು ಪೂರ್ತಿ ನೋಡಿದ್ದಾರಾ, ಅದನ್ನು ನನಗೆ ತೋರಿಸುತ್ತೀರಾ, ನನ್ನ ಮಾತು ಕೇಳಲು ದಿನ ಯಾವುದು. ಆ ದಿನದ ಮಳೆ, ಕರೆಂಟ್ ಹೋದದ್ದು, ಮನೆಯಲ್ಲಿ ಯಾರಿದ್ದರು ಅನ್ನುವುದನ್ನು ನೀವೂ ಮರೆಯುವ ಮೊದಲು ಬರೆದಿಡಿ. ಧ್ವನಿ ತುಣುಕು ಸಿಕ್ಕಿದರೆ ಅದರಲ್ಲಿರುವ ತುಳು ಮಾತನ್ನು ಬಲ್ಲವರಿಂದ ಕೇಳಿಸಿ ಅಂತ ಒತ್ತಾಯಿಸಿ. ನಿಮ್ಮನ್ನು ಬಿಡುಗಡೆ ಮಾಡುವುದು ಬಹುಶಃ ಅಜ್ಜಿಯ ಆ ಮಾತೇ.

ಇದಕ್ಕೂ ಬಗ್ಗದಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ಪ್ರಕಾರ ಪ್ರತಿಯೊಂದು ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ದೂರು ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ 15 ದಿನದೊಳಗೆ, ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಸರಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನ ದಾರಿಯೂ ಇದೆ, 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ವಿದ್ಯಾರ್ಥಿ ತನ್ನ ಉತ್ತರ ಪತ್ರಿಕೆಯನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮದೇ ಮುಖದ ವಿಡಿಯೋ ಕೇಳುವುದು ಅದಕ್ಕಿಂತ ದೊಡ್ಡ ಬೇಡಿಕೆಯೇನಲ್ಲ. ಅರ್ಜಿ ಹಾಕಲು ಗೊತ್ತಾಗದಿದ್ದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ (ಸರಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಹೋಗಿ. ಒಂದು ಮಾತು, ಬೇಗ ಹಾಕಿ. ಇಂಥ ವಿಡಿಯೋಗಳನ್ನು ಇಷ್ಟು ದಿನ ಅಂತ ಇಟ್ಟು ಆಮೇಲೆ ಅಳಿಸುತ್ತಾರೆ. ನಿಮ್ಮ ಮೊದಲ ಮೇಲ್‌ನಲ್ಲೇ ‘ತೀರ್ಮಾನ ಆಗುವವರೆಗೆ ನನ್ನ ರೆಕಾರ್ಡಿಂಗ್ ಅಳಿಸಬೇಡಿ’ ಅಂತ ಒಂದು ಸಾಲು ಸೇರಿಸಿ.

ಪ್ರಶ್ನೆ: ಸರ್, ನಾನು ಉಪ್ಪಳದವಳು. ಪರೀಕ್ಷೆ ಶುರುವಾಗುವ ಮೊದಲು ಲ್ಯಾಪ್‌ಟಾಪ್ ಎತ್ತಿ ಕೋಣೆಯನ್ನೆಲ್ಲ ಒಂದು ಸುತ್ತು ತೋರಿಸಬೇಕಂತೆ, ಮಂಚದ ಅಡಿ ಕೂಡ. ನಮ್ಮದು ಸಣ್ಣ ಮನೆ, ಉಮ್ಮ, ತಂಗಿ ಎಲ್ಲ ಅಲ್ಲೇ ಓಡಾಡುತ್ತಿರುತ್ತಾರೆ, ಒಳಗಿನ ಹಗ್ಗದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಆಚೆ ಕಡೆ ನೋಡುವವರು ಗಂಡಸರು. ಬೇಡ ಅನ್ನುವ ಹಕ್ಕು ನನಗಿಲ್ಲವಾ?

ಉತ್ತರ: ಕೇಳುವ ಹಕ್ಕಂತೂ ಖಂಡಿತ ಇದೆ, ಮತ್ತು ಕೇಳಲೇಬೇಕು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದವರು ನಮ್ಮ ಪಕ್ಕದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನಕ್ಕೆ ಸರಕಾರ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು ಅನ್ನುವುದು ಆ ತೀರ್ಪಿನ ತಿರುಳು. ವಿದ್ಯಾರ್ಥಿಗಳ ವಿಷಯಕ್ಕೆ ಬಂದರೆ, ನಮ್ಮ ಕೇರಳ ಹೈಕೋರ್ಟೇ 2019ರಲ್ಲಿ ಒಂದು ದೊಡ್ಡ ಮಾತು ಹೇಳಿದೆ. ಸಂಜೆ 6ರಿಂದ 10ರವರೆಗೆ ಹಾಸ್ಟೆಲಿನಲ್ಲಿ ಮೊಬೈಲ್ ಮುಟ್ಟಬಾರದು ಅನ್ನುವ ನಿಯಮ ಒಪ್ಪದ ಹುಡುಗಿಯನ್ನು ಕಲ್ಲಿಕೋಟೆಯ ಕಡೆಯ ಕಾಲೇಜೊಂದು ಹಾಸ್ಟೆಲಿನಿಂದ ಹೊರಗೆ ಹಾಕಿತ್ತು. ಇಂಟರ್‌ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಅಂತ ಹೇಳಿ ಕೋರ್ಟು ಅವಳನ್ನು ವಾಪಸ್ ಸೇರಿಸಿತು. ಕಾಲೇಜಿನ ಶಿಸ್ತು ಅಂದ ಮಾತ್ರಕ್ಕೆ ಹಕ್ಕು ಮಾಯವಾಗುವುದಿಲ್ಲ ಅಂತ ಅರ್ಥ.

ಕೋಣೆ ತೋರಿಸುವ ವಿಷಯದಲ್ಲೇ ನೇರವಾಗಿ ಬಂದ ತೀರ್ಪು ಅಮೆರಿಕದ್ದು. 2022ರ ಆಗಸ್ಟಿನಲ್ಲಿ ಒಹಾಯೋದ ಫೆಡರಲ್ ಕೋರ್ಟು, ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ ಒಬ್ಬ ಕೆಮಿಸ್ಟ್ರಿ ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಹೀಗೆ ಕ್ಯಾಮರಾದಲ್ಲಿ ನೋಡಿದ್ದು ಸಂವಿಧಾನಕ್ಕೆ ವಿರುದ್ಧ ಅಂದಿತು. ನೋಡಿದ್ದು ಒಂದು ನಿಮಿಷಕ್ಕೂ ಕಮ್ಮಿ ಹೊತ್ತು. ಎಲ್ಲರೂ ಹೀಗೇ ಮಾಡುತ್ತಾರೆ, ರೂಢಿಯಾಗಿಬಿಟ್ಟಿದೆ ಅನ್ನುವ ವಾದ ನಡೆಯಲಿಲ್ಲ. ಆ ತೀರ್ಪಿಗೆ ನಮ್ಮ ದೇಶದ ಕೋರ್ಟುಗಳು ಕಟ್ಟುಬಿದ್ದಿಲ್ಲ, ಆದರೂ ನಿಮ್ಮ ಪ್ರಶ್ನೆ ಹಠದ ಪ್ರಶ್ನೆಯಲ್ಲ ಅಂತ ತೋರಿಸಲು ಸಾಕು.

ನಾಳೆಯೇ ಪರೀಕ್ಷೆ ಇದ್ದರೆ ಕೋರ್ಟಿನ ಕಥೆ ಉಪಯೋಗಕ್ಕೆ ಬರುವುದಿಲ್ಲ, ಹೌದು. ಹಾಗಾಗಿ ಈಗಲೇ ಬರೆದು ಕೇಳಿ: ನನಗೆ ಮಹಿಳಾ ಮೇಲ್ವಿಚಾರಕರು ಬೇಕು, ಅಥವಾ ಕಾಲೇಜಿನ ಲ್ಯಾಬಿನಲ್ಲಿ ಕೂತು ಬರೆಯಲು ಬಿಡಿ. ಗುರುತಿನ ಚೀಟಿಯ ಜತೆ ಮುಖ ತೋರಿಸುವುದು ಕೂಡ ಮಹಿಳೆಗೆ ಮಾತ್ರ ಅಂತ ಕೇಳಬಹುದು. ಎರಡೂ ಆಗದಿದ್ದರೆ ಗೋಡೆಗೆ ಬೆನ್ನು ಮಾಡಿ ಕೂರಿ. ಕ್ಯಾಮರಾಕ್ಕೆ ಬರೀ ಗೋಡೆ ಕಾಣಲಿ. ಮನೆಯವರಿಗೆ ಹೊತ್ತು ಹೇಳಿಡಿ. ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಬ್ಯಾಂಕ್ ಪುಸ್ತಕ ಮೇಜಿನ ಮೇಲೆ ಬಿಡಬೇಡಿ. ಆದರೆ ಒಂದು ಮನೆಯ ನಾಲ್ಕು ಜನ ಒಂದು ಪರೀಕ್ಷೆಗಾಗಿ ಮೂರು ಗಂಟೆ ಅಡಗಿ ಕೂರಬೇಕು ಅನ್ನುವ ವ್ಯವಸ್ಥೆ ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಪರೀಕ್ಷೆಗೆ ಕಟ್ಟಿದ್ದು ನೀವು, ನಿಮ್ಮ ಉಮ್ಮ ಅಲ್ಲ.

ಪ್ರಶ್ನೆ: ನಾನು ಪೈವಳಿಕೆಯ ಕೃಷಿಕ. ಮಗನಿಗೆ 17 ವರ್ಷ, ಈ ವರ್ಷ ಡಿಗ್ರಿ ಸೇರಿದ್ದಾನೆ. ಮನೆಯಲ್ಲಿ ಇರುವುದು ಒಂದೇ ಲ್ಯಾಪ್‌ಟಾಪ್. ನನ್ನ ಬ್ಯಾಂಕು, ಅಡಿಕೆ ಲೆಕ್ಕ, ಎಲ್ಲ ಅದರಲ್ಲೇ. ಪರೀಕ್ಷೆಗೆ ಅಂತ ಅದರಲ್ಲಿ ಏನೋ ಒಂದು ಎಕ್ಸ್‌ಟೆನ್ಷನ್ ಹಾಕಬೇಕಂತೆ. ಹಾಕಿದರೆ ತೊಂದರೆ ಉಂಟಾ ಮಾಷ್ಟ್ರೇ? ಅವನಿಗೆ 18 ಆಗದ ಕಾರಣ ನನ್ನ ಒಪ್ಪಿಗೆ ಬೇಡವಾ?

ಉತ್ತರ: ಎಕ್ಸ್‌ಟೆನ್ಷನ್ ಅಂದರೆ ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಮ್. ಹಾಕುವ ಮೊದಲು ಅದು ಕೇಳುವ ಅನುಮತಿಗಳನ್ನು ಒಮ್ಮೆ ಓದಿ ನೋಡಿ. ಸಾಮಾನ್ಯವಾಗಿ ಇಂಥವು ‘ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು’ ಅನುಮತಿ ಕೇಳುತ್ತವೆ. ಎಲ್ಲ ಅಂದರೆ ನಿಮ್ಮ ಬ್ಯಾಂಕಿನ ಪುಟವೂ ಸೇರಿ. ಓದಿಯೇ ಓದುತ್ತವೆ ಅಂತ ಹೇಳುತ್ತಿಲ್ಲ, ಆದರೆ ಬಾಗಿಲು ತೆರೆದಿರುತ್ತದೆ.

ದಾರಿ ಸುಲಭ. ಕ್ರೋಮ್‌ನಲ್ಲಿ ಮಗನಿಗೆ ಬೇರೆಯೇ ಒಂದು ಪ್ರೊಫೈಲ್ ಮಾಡಿ, ಎಕ್ಸ್‌ಟೆನ್ಷನ್ ಅಲ್ಲಿ ಮಾತ್ರ ಹಾಕಿ. ನಿಮ್ಮ ಪ್ರೊಫೈಲಿಗೆ ಅದು ಬರುವುದಿಲ್ಲ. ಇನ್ನೂ ಒಳ್ಳೆಯದೆಂದರೆ ವಿಂಡೋಸ್‌ನಲ್ಲೇ ಅವನ ಹೆಸರಲ್ಲಿ ಬೇರೆ ಖಾತೆ, ಪಾಸ್‌ವರ್ಡೂ ಬೇರೆ. ಪರೀಕ್ಷೆ ಮುಗಿದ ಕೂಡಲೇ ಎಕ್ಸ್‌ಟೆನ್ಷನ್ ತೆಗೆಯಿರಿ, ಕ್ಯಾಮರಾ ಮೈಕಿನ ಅನುಮತಿಯನ್ನೂ ವಾಪಸ್ ತೆಗೆಯಿರಿ. ಕೆಲವರು ಎಕ್ಸ್‌ಟೆನ್ಷನ್ ಬದಲು ಪೂರ್ತಿ ಪ್ರೋಗ್ರಾಮನ್ನೇ ಇನ್‌ಸ್ಟಾಲ್ ಮಾಡಿಸುತ್ತಾರೆ, ದೂರದಿಂದ ಮೌಸ್ ಓಡಾಡಿಸುವ ಅನುಮತಿಯನ್ನೂ ಕೇಳುತ್ತಾರೆ. ಹಾಗಿದ್ದರೆ ಬ್ಯಾಂಕಿನ ವ್ಯವಹಾರ ಇರುವ ಲ್ಯಾಪ್‌ಟಾಪ್ ಕೊಡಬೇಡಿ. ಕಾಲೇಜಿನ ಕಂಪ್ಯೂಟರ್ ಕೇಳಿ.

ಲ್ಯಾಪ್‌ಟಾಪಿನಿಂದ ತೆಗೆದರೂ ಅವರ ಸರ್ವರಿನಲ್ಲಿ ಉಳಿದದ್ದು ಉಳಿದೇ ಇರುತ್ತದೆ, ನನಗೆ ಜಾಸ್ತಿ ಚಿಂತೆ ಅದರದ್ದು. 2020ರಲ್ಲಿ ಪ್ರಾಕ್ಟರ್‌ಯು ಅನ್ನುವ ಇಂಥದ್ದೇ ಕಂಪನಿಯ ಸುಮಾರು 4.4 ಲಕ್ಷ ಜನರ ದಾಖಲೆ ಕಳ್ಳರ ಕೈಗೆ ಸಿಕ್ಕಿ ಹೊರಗೆ ಬಂತು. ಅದರಲ್ಲಿ ಎಷ್ಟೋ ವರ್ಷ ಹಳೆಯ ದಾಖಲೆಗಳೂ ಇದ್ದವು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖ ಬದಲಾಯಿಸುವುದು ಹೇಗೆ?

ಒಪ್ಪಿಗೆಯ ವಿಷಯ. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಅಂಶಗಳು ಜಾರಿಯಾಗಲು 18 ತಿಂಗಳು ಸಮಯ ಕೊಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ. ಅದರ ಪ್ರಕಾರ 18 ತುಂಬದವರ ಮಾಹಿತಿ ತೆಗೆದುಕೊಳ್ಳಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮಕ್ಕಳ ಮೇಲೆ ನಿಗಾ ಇಡುವ ಹಾಗಿಲ್ಲ. ಆದರೆ ಶಾಲಾ ಕಾಲೇಜುಗಳಿಗೆ ಓದಿನ ಕೆಲಸಕ್ಕೆ, ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ವಿನಾಯಿತಿ ಕೊಟ್ಟಿದ್ದಾರೆ. ಆ ‘ಬೇಕಾದಷ್ಟು’ ಎಷ್ಟು ಅನ್ನುವುದರ ಮೇಲೆ ಮುಂದೆ ಬಹಳ ಕೇಸು ನಡೆಯಬಹುದು ಅಂತ ನನ್ನ ಅಂದಾಜು. ಅಲ್ಲಿವರೆಗೆ ಹಳೆಯ ಐಟಿ ಕಾಯ್ದೆ ಮತ್ತು 2011ರ ನಿಯಮಗಳು ಉಂಟು. ಅದರಲ್ಲಿ ಮುಖ, ಧ್ವನಿಯಿಂದ ಗುರುತು ಹಿಡಿಯುವ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಅಂತಲೇ ಪಟ್ಟಿ ಮಾಡಿದ್ದಾರೆ, ಕಂಪನಿಗಳು ಅದನ್ನು ಎಚ್ಚರದಿಂದ ಕಾಯಬೇಕು. ಕಾನೂನು ಏನೇ ಇರಲಿ, ನೀವು ಅಪ್ಪ. ಏನು ತೆಗೆದುಕೊಳ್ಳುತ್ತೀರಿ, ಎಷ್ಟು ದಿನ ಇಡುತ್ತೀರಿ ಅಂತ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆಯಲು ಯಾವ ಸೆಕ್ಷನ್ನೂ ಬೇಡ.

ಪ್ರಶ್ನೆ: ಮುಳ್ಳೇರಿಯದಿಂದ. ಸರ್, ಆ ಸಾಫ್ಟ್‌ವೇರಿಗೆ ಮಂಕುಬೂದಿ ಎರಚುವ ಉಪಾಯ ಯಾವುದಾದರೂ ಇದ್ದರೆ ಹೇಳಿ. ಫ್ರೆಂಡಿಗೆ ಬೇಕಿತ್ತು.

ಉತ್ತರ: ಫ್ರೆಂಡಿಗೆ ಓದಲು ಹೇಳಿ.

ಪ್ರಶ್ನೆ: ನಮಸ್ಕಾರ. ನಾನು ಕಾಸರಗೋಡಿನ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸುಗಳಿಗೆ ಇಂಥ ಸಾಫ್ಟ್‌ವೇರ್ ಕೊಳ್ಳುವ ಮಾತು ನಡೆದಿದೆ. ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ. ಬೇಡ ಅಂದರೆ ‘ಹಾಗಾದರೆ ಕಾಪಿ ತಡೆಯುವುದು ಹೇಗೆ’ ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ‘ನಮ್ಮ ಪ್ರಶ್ನೆಪತ್ರಿಕೆ ಹೇಗಿದೆ ಅಂತ ಮೊದಲು ನೋಡೋಣ’ ಅಂತ ಹೇಳಿ. ಗೂಗಲ್ ಮಾಡಿದರೆ ಸಿಗುವ ಉತ್ತರವನ್ನೇ ಕೇಳಿ, ಗೂಗಲ್ ಮಾಡಿದಿರಾ ಅಂತ ಕಾಯಲು ಲಕ್ಷಗಟ್ಟಲೆ ಕೊಡುವುದು ಯಾವ ಲೆಕ್ಕ? ಸರ್ಟಿಫಿಕೇಟ್ ಕೋರ್ಸಿನಲ್ಲಿ ಇರುವುದು ಹತ್ತಿಪ್ಪತ್ತು ಮಕ್ಕಳು. ಒಬ್ಬೊಬ್ಬರನ್ನೂ ಹತ್ತು ನಿಮಿಷ ಮಾತಾಡಿಸಿದರೆ ಯಾರು ಓದಿದ್ದಾರೆ ಅಂತ ನಿಮಗೆ ಗೊತ್ತಾಗದೆ ಇರುತ್ತದಾ? ಪುಸ್ತಕ ತೆರೆದು ಬರೆಯುವ ಪರೀಕ್ಷೆ ಮಾಡಿ, ಸಣ್ಣ ಪ್ರಾಜೆಕ್ಟ್ ಕೊಡಿ, ಕೊನೆಗೆ ಒಂದು ದಿನ ಕಾಲೇಜಿಗೇ ಕರೆಸಿ ಬರೆಸಿ. ಬೇರೆ ಕಿಟಕಿಗೆ ಹೋಗದಂತೆ ತಡೆದರೆ ಸಾಕು ಅಂತಾದರೆ ಸೇಫ್ ಎಕ್ಸಾಮ್ ಬ್ರೌಸರ್ ಅಂತ ಒಂದಿದೆ, ಜ್ಯೂರಿಕ್‌ನ ಇಟಿಎಚ್‌ನಲ್ಲಿ ತಯಾರಾದ್ದು, ಉಚಿತ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ಆನ್‌ಲೈನ್ ಪಾಠ, ಪರೀಕ್ಷೆ ನಡೆಸುವ ಮೂಡಲ್ ಸಾಫ್ಟ್‌ವೇರ್ ಜತೆ ಹೊಂದಿಕೊಳ್ಳುತ್ತದೆ. ಲ್ಯಾಬಿನ ಕಂಪ್ಯೂಟರುಗಳಲ್ಲಿ ಹಾಕಿ, ಎದುರಿಗೆ ನೀವೇ ಕೂತರೆ ಆಯಿತು.

ಇಷ್ಟು ಹೇಳಿದರೂ ಕೊಳ್ಳುವುದೇ ಅಂತ ತೀರ್ಮಾನವಾದರೆ ಒಪ್ಪಂದದ ಪತ್ರವನ್ನು ನೀವೇ ಕೂತು ಓದಿ. ಸೇಲ್ಸ್‌ನವರು ತೋರಿಸುವ ಡೆಮೋ ಅಲ್ಲ, ಪತ್ರ. ರೆಕಾರ್ಡಿಂಗ್ ಯಾವ ದೇಶದ ಸರ್ವರಿನಲ್ಲಿ, ಎಷ್ಟು ದಿನ, ಯಾರು ನೋಡಬಹುದು, ನಮ್ಮ ಮಕ್ಕಳ ಮುಖ ಇಟ್ಟುಕೊಂಡು ಕಂಪನಿ ತನ್ನ ಎಐಗೆ ತರಬೇತಿ ಕೊಡುತ್ತದಾ, ಒಪ್ಪಂದ ಮುಗಿದ ಮೇಲೆ ಅಳಿಸಿದ್ದಕ್ಕೆ ಪುರಾವೆ ಏನು. ಇಟಲಿಯ ಬೊಕ್ಕೋನಿ ವಿಶ್ವವಿದ್ಯಾಲಯಕ್ಕೆ 2021ರಲ್ಲಿ ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2 ಲಕ್ಷ ಯೂರೋ ದಂಡ ಹಾಕಿತು. ವಿದ್ಯಾರ್ಥಿಗಳಿಗೆ ಸರಿಯಾಗಿ ತಿಳಿಸಲಿಲ್ಲ, ಮುಖದ ಮಾಹಿತಿಯನ್ನು ಕಾನೂನಿನ ಆಧಾರ ಇಲ್ಲದೆ ಬಳಸಿದರು, ಅಮೆರಿಕಕ್ಕೆ ಕಳಿಸಿದರು ಅನ್ನುವುದು ಕಾರಣ. ದಂಡ ಬಿದ್ದದ್ದು ವಿಶ್ವವಿದ್ಯಾಲಯಕ್ಕೆ ಅನ್ನುವುದನ್ನು ನಿಮ್ಮ ಸಮಿತಿಯಲ್ಲಿ ಎರಡು ಸಲ ಹೇಳಿ. ನಮ್ಮ ಹೊಸ ಕಾಯ್ದೆಯಲ್ಲೂ ಮಾಹಿತಿ ಸೋರದಂತೆ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶ ಉಂಟು.

ಇನ್ನೊಂದು, ಇದು ನಮ್ಮ ಊರಿನವರೇ ಕೇಳಬೇಕಾದ್ದು. ಆ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಅವಕಾಶ ವಿದ್ಯಾರ್ಥಿಗೆ ಇರಬೇಕು. ಕನ್ನಡ ಅದರಲ್ಲಿದೆ. ಮಂಜೇಶ್ವರ, ಕುಂಬಳೆ, ಎಣ್ಮಕಜೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಹನ್ನೆರಡು ಪುಟದ ಇಂಗ್ಲಿಷ್ ಷರತ್ತನ್ನೋ ಮಲಯಾಳದ ಸುತ್ತೋಲೆಯನ್ನೋ ಕೊಟ್ಟು ‘ಒಪ್ಪಿದ್ದೇನೆ’ ಅಂತ ಒತ್ತಿಸಿದರೆ ಅದನ್ನು ಒಪ್ಪಿಗೆ ಅನ್ನುವುದು ಹೇಗೆ? ಕೊರೋನಾ ಕಾಲದಲ್ಲಿ ಟೀವಿಯ ಫಸ್ಟ್ ಬೆಲ್ ಪಾಠಗಳನ್ನು ಕನ್ನಡದಲ್ಲೂ ಮಾಡಿದ ರಾಜ್ಯ ಇದು. ಎರಡು ಪುಟದ ಸೂಚನೆ ಕನ್ನಡದಲ್ಲಿ ಕೊಡಲು ಕಷ್ಟ ಅಂದರೆ ನಾನು ನಂಬುವುದಿಲ್ಲ. ಬೇಕಾದರೆ ಅನುವಾದ ನಾನೇ ಮಾಡಿಕೊಡುತ್ತೇನೆ, ಹಣ ಬೇಡ.

ಮತ್ತೆ, ಒಪ್ಪದಿದ್ದರೆ ಪರೀಕ್ಷೆಯೇ ಇಲ್ಲ ಅಂತಾದರೆ ಅದು ಮನಸ್ಸಿನಿಂದ ಕೊಟ್ಟ ಒಪ್ಪಿಗೆಯಲ್ಲ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಷರತ್ತಿಲ್ಲದೆ ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಬೇಡ ಅಂದವರಿಗೆ ಕಾಲೇಜಿನಲ್ಲೇ ಬರೆಯುವ ದಾರಿ ಇಟ್ಟೇ ಇಡಿ. ರೇಂಜ್ ಇಲ್ಲದ ದೇಲಂಪಾಡಿ, ಬಂದಡ್ಕ ಕಡೆಯ ಮಕ್ಕಳಿಗೆ ಹೇಗೂ ಅದು ಬೇಕಾಗುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಹುಟ್ಟಿನಿಂದ ಕಣ್ಣುಗುಡ್ಡೆ ಒಂದೇ ಕಡೆ ನಿಲ್ಲುವುದಿಲ್ಲ, ಓಡಾಡುತ್ತಲೇ ಇರುತ್ತದೆ. ಅವನಿಗೂ ಈ ಪರೀಕ್ಷೆ ಬಂದಿದೆ. ಏನು ಮಾಡೋಣ? (ಕುಂಬಳೆ)

ಉತ್ತರ: ಪರೀಕ್ಷೆಗೆ ಮೊದಲೇ, ಇವತ್ತೇ, ವೈದ್ಯರ ಪತ್ರ ಇಟ್ಟು ಅರ್ಜಿ ಕೊಡಿ. ನೋಟ ಅಳೆಯುವ ಭಾಗವನ್ನು ಅವನಿಗೆ ಆಫ್ ಮಾಡಿ, ಇಲ್ಲವೇ ಮನುಷ್ಯ ಮೇಲ್ವಿಚಾರಕರನ್ನು ಕೊಡಿ ಅಂತ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ, ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಇದೆ. ಕೈಯಲ್ಲಿ ಬರೆಯಲು ಕಷ್ಟ ಇದ್ದ ಒಬ್ಬ ಅಭ್ಯರ್ಥಿಗೆ ಯುಪಿಎಸ್‌ಸಿ ಬರೆಯುವ ಸಹಾಯಕರನ್ನು ಕೊಡಲು ಒಪ್ಪದಿದ್ದಾಗ 2021ರಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರ ನಿಂತಿತು. ಅಂಗವಿಕಲತೆಯ ಪ್ರಮಾಣ ಇಷ್ಟೇ ಶೇಕಡಾ ಇರಬೇಕು ಅಂತ ಹಠ ಹಿಡಿಯುವ ಹಾಗಿಲ್ಲ ಅಂದಿತು. ಹಾಗಾಗಿ ‘40 ಶೇಕಡಾ ಸರ್ಟಿಫಿಕೇಟ್ ತನ್ನಿ’ ಅಂತ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ, ಹಾಗಂತ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡಲು ಅವರಿಗೆ ಧೈರ್ಯ ಬರುವುದು ಕಷ್ಟ.

ಪ್ರಶ್ನೆ: ಪರೀಕ್ಷೆ ಇಲ್ಲದ ಹೊತ್ತಿನಲ್ಲೂ ಅವರು ಕ್ಯಾಮರಾದಲ್ಲಿ ನೋಡುತ್ತಾರಾ? ಒಂದು ಸ್ಟಿಕ್ಕರ್ ಅಂಟಿಸಿದ್ದೇನೆ, ಸಾಕಾ? (ಪೆರ್ಲ)

ಉತ್ತರ: ಪರೀಕ್ಷೆ ಇಲ್ಲದಾಗ ನೋಡುವ ಕೆಲಸ ಅದಕ್ಕಿಲ್ಲ. ಸ್ಟಿಕ್ಕರ್ ಒಳ್ಳೆಯದೇ, ಇರಲಿ. ಆದರೆ ಮೈಕಿಗೆ ಸ್ಟಿಕ್ಕರ್ ನಾಟುವುದಿಲ್ಲ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹೋಗಿ ಆಫ್ ಮಾಡಬೇಕು. ಮುಂದಿನ ಪರೀಕ್ಷೆಯ ದಿನ ಸ್ಟಿಕ್ಕರ್ ತೆಗೆಯಲು ಮರೆಯಬೇಡಿ, ಅಂಟಿನ ಗುರುತನ್ನೂ ಚೆನ್ನಾಗಿ ಒರೆಸಿ. ಮಸುಕು ಕಂಡರೆ ಅದಕ್ಕೂ ಫ್ಲ್ಯಾಗ್ ಹಾಕಬಹುದು.